ಕಂಬರಾಯನ ಅಂಜಿಕೆ

ಕಂಬರಾಯನಿಗೆ ಹಲ್ಲಿ ಕಂಡರೂ ಅಂಜಿಕೆ ಎಂದರೆ ಈ ನಾಡಿನಲ್ಲಿ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಮೂವತ್ತು ವರ್ಷದಿಂದ ಬಸ್‌ಸ್ಟ್ಯಾಂಡಿನ ಪ್ರತಿಯೊಂದು ಪುಸ್ತಕದಂಗಡಿಯಲ್ಲೂ ಅವನ ಚಿತ್ರಕಥೆ ಕ್ಲಿಪ್ಪಿಗೆ ನೇತಾಡುತ್ತಿದೆ. ಮುಖಪುಟದಲ್ಲಿ ಅವನು ಕುಸಿಯುತ್ತಿರುವ ಗಣಿಯ ಚಾವಣಿಯನ್ನು ಎರಡು ಅಂಗೈಗಳ ಮೇಲೆ ಹೊತ್ತು, ಕಣ್ಣು ಮುಚ್ಚಿ, ತಪಸ್ಸಿಗೆ ನಿಂತ ಋಷಿಯಂತೆ ಕಾಣುತ್ತಾನೆ. ಕೆಳಗೆ ದಪ್ಪಕ್ಷರದಲ್ಲಿ ‘ಅಂಜದವನಿಗೆ ಭಾರವಿಲ್ಲ’ ಎಂಬ ಮಾತು. ಆ ಮಾತನ್ನು ಬರೆದವನು ಯಾವತ್ತೂ ಭಾರ ಹೊತ್ತವನಲ್ಲ, ಅದು ಬೇರೆ ವಿಷಯ.

ನಿಜವಾದ ಕಂಬರಾಯನ ಹೆಸರು ಮೌನೇಶ. ಹೊನ್ನಿಕೊಪ್ಪದ ಚಿನ್ನದ ಗಣಿಯಲ್ಲಿ ಕಲ್ಲು ತುಂಬುವ ಕೆಲಸಕ್ಕಿದ್ದವನು. ಇಪ್ಪತ್ತೆರಡರ ಪ್ರಾಯದಲ್ಲಿ ಒಮ್ಮೆ ಸುರಂಗದ ಚಾವಣಿ ಕುಸಿದಾಗ ಓಡಲು ಜಾಗವಿಲ್ಲದೆ ಕೈ ಮೇಲೆತ್ತಿದ. ಚಾವಣಿ ಅವನ ಕೈಯ ಮೇಲೆ ನಿಂತುಬಿಟ್ಟಿತು. ಜೊತೆಗಿದ್ದವರೆಲ್ಲ ಅವನ ಕಾಲ ಸಂದಿಯಲ್ಲಿ ತೂರಿ ಹೊರಗೆ ಬಂದರು. ಆಗ ತೆಗೆದ ಒಂದು ಫೋಟೋದಲ್ಲಿ ಅವನ ಕಣ್ಣು ಮುಚ್ಚಿದ್ದವು, ತುಟಿ ಅರೆತೆರೆದಿದ್ದವು. ಚಿತ್ರಕಥೆ ಬರೆಯುವ ಕಲಾವಿದನಿಗೆ ಅದು ಧ್ಯಾನವೂ ಮಂತ್ರವೂ ಆಗಿ ಕಂಡಿತು. ಮೌನೇಶ ಹೇಳುತ್ತಿದ್ದದ್ದು “ಯವ್ವಾ, ಯವ್ವಾ, ಸಾಯ್ತೀನಿ ಯವ್ವಾ” ಎಂದು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಹಂಪಮ್ಮನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಮಲಗುವ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಪೊರಕೆ ಹಿಡಿದು ಬರುವವಳು ಅವಳೇ.

ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅವನ ತೋಳಿನಿಂದ ಚೂರು ಸ್ನಾಯು ತೆಗೆದು ನೋಡಿದರು. ನಮ್ಮ ನಿಮ್ಮ ಸ್ನಾಯು ಭಾರ ಹೆಚ್ಚಾದರೆ ಸೋತು ನಡುಗುತ್ತದೆ. ಇವನದರಲ್ಲಿ ಒಂದು ವಿಚಿತ್ರ ಪ್ರೋಟೀನು. ಒಮ್ಮೆ ಅದು ಎಳೆಗಳ ನಡುವೆ ಸಿಕ್ಕಿಕೊಂಡಿತೆಂದರೆ ಬಾಗಿಲಿಗೆ ಅಗುಳಿ ಬಿದ್ದ ಹಾಗೆ. ಆಮೇಲೆ ಟನ್‌ಗಟ್ಟಲೆ ಬಂದರೂ ತೋಳು ಬಾಗದು, ಎಲುಬು ಮುರಿಯದು. ಅದಕ್ಕೆ ಅವರು ನಾಲಿಗೆ ಹೊರಳದ ಹೆಸರೊಂದನ್ನು ಇಟ್ಟರು. ಸಂಸ್ಥೆಯಲ್ಲಿ ಎಲ್ಲರೂ ಅಗುಳಿ ಎಂದೇ ಕರೆದರು. ಅಗುಳಿ ಬೀಳುವುದು ಯಾತರಿಂದ ಎಂದು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಭಾರ ಬಿದ್ದರೆ ಬೀಳುತ್ತದೆ ಎಂದುಕೊಂಡರು.

ಮುಂದೆ ಎಲ್ಲಿ ಗಣಿ ಕುಸಿದರೂ, ಸೇತುವೆ ಜರುಗಿದರೂ ಕಂಬರಾಯನಿಗೆ ಕರೆ. ಹೋಗುವ ಮುನ್ನ ಅವನು ಎರಡೆರಡು ಸಲ ಪಾಯಖಾನೆಗೆ ಹೋಗುತ್ತಿದ್ದ. ಜನ ಇದನ್ನು ಶೌಚಾಚಾರ ಎಂದು ಕೊಂಡಾಡಿದರು. ಐವತ್ತು ದಾಟುವ ಹೊತ್ತಿಗೆ ಅಗುಳಿ ಸವೆಯಿತು. ಒಂದು ಕೆಲಸದಲ್ಲಿ ಬಲ ಭುಜ ಕಳಚಿ, ಆ ಕೈ ಈಗ ಊಟದ ತಾಟಿನಿಂದ ಮೇಲೆ ಏಳುವುದೇ ಕಷ್ಟ.

ಸಂಸ್ಥೆಯವರು ಇದನ್ನು ಮೊದಲೇ ಊಹಿಸಿ, ಅವನ ತೋಳಿನ ಅದೇ ಜೀವಕೋಶದಿಂದ ಇನ್ನೊಬ್ಬನನ್ನು ಬೆಳೆಸಿದ್ದರು. ತದ್ರೂಪಿ. ಕಡತದಲ್ಲಿ ಅವನು ‘ಎರಡನೇ ಘಟಕ’. ಸಾಕಿದ ದಾದಿ ಕೊಪ್ಪಳದವಳು, ಅವಳ ಬಾಯಲ್ಲಿ ಗವಿಸಿದ್ದ. ಅವನನ್ನು ಹೇಗೆ ಬೆಳೆಸಬೇಕೆಂದು ಒಂದು ಸಮಿತಿ ಕುಳಿತು, ಮೂಲವ್ಯಕ್ತಿಯ ಮನೋಧರ್ಮವೇ ಪ್ರತಿಗೂ ಬರಬೇಕೆಂದು ತೀರ್ಮಾನಿಸಿತು. ಮೂಲವ್ಯಕ್ತಿಯನ್ನು ಕರೆದು ಕೇಳಿದ್ದರೆ ಒಂದು ಚಹಾದ ಖರ್ಚಿನಲ್ಲಿ ಮುಗಿಯುತ್ತಿತ್ತು. ಅವರು ಚಿತ್ರಕಥೆಯ ಎಲ್ಲ ಸಂಚಿಕೆಗಳನ್ನು ತರಿಸಿ, ಹುಡುಗನಿಗೆ ಅದನ್ನೇ ಪಠ್ಯ ಮಾಡಿದರು. ಗವಿಸಿದ್ದ ಅಕ್ಷರ ಕಲಿತದ್ದು ಕಂಬರಾಯನ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳಲ್ಲಿ. ಭಾರ ಎತ್ತುವ ಮೊದಲು ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಮನಸ್ಸನ್ನು ತಣ್ಣಗೆ ಮಾಡಿಕೊಳ್ಳುವುದನ್ನು ಅವನಿಗೆ ಐದನೇ ವರ್ಷದಿಂದ ಅಭ್ಯಾಸ ಮಾಡಿಸಿದರು.

ಈಗ ಅವನಿಗೆ ಇಪ್ಪತ್ತು.

*

“ಇಲ್ಲಿ ನೋಡಿ, ಮೌನೇಶಪ್ಪ,” ಎಂದರು ಡಾಕ್ಟರ್ ವಸುಮತಿ. ಸಂಸ್ಥೆಯ ಮುಖ್ಯಸ್ಥೆ, ಒಳ್ಳೆಯ ಹೆಂಗಸು, ಎಲ್ಲರ ಮನೆಯವರ ಆರೋಗ್ಯ ವಿಚಾರಿಸುವವರು.

ದಪ್ಪ ಗಾಜಿನ ಆಚೆ ಗವಿಸಿದ್ದ ಭಾರದ ಪ್ರೆಸ್ಸಿನ ಕೆಳಗೆ ಕೈ ಮೇಲೆತ್ತಿ ನಿಂತಿದ್ದ. ಕೊಠಡಿಯಷ್ಟು ಅಗಲದ ಉಕ್ಕಿನ ಹಲಗೆ ಮೇಲಿನಿಂದ ನಿಧಾನವಾಗಿ ಇಳಿದು ಅವನ ಅಂಗೈಯನ್ನು ಒತ್ತುತ್ತಿತ್ತು. ಅಲ್ಲಿ ನಿಂತಿದ್ದದ್ದು ಮೌನೇಶನದೇ ಹಳೆಯ ಮೈ. ಅದೇ ಗಿಡ್ಡ ಕುತ್ತಿಗೆ, ಅದೇ ಅಗಲ ಕಿವಿ.

ಹದಿಮೂರು ಟನ್ ಎನ್ನುವಾಗ ಹುಡುಗನ ಮೊಣಕೈ ಜಗ್ಗಿತು. ಕೂಡಲೇ ಪ್ರೆಸ್ಸು ತಾನಾಗಿ ನಿಂತು ಮೇಲೆ ಸರಿಯಿತು.

“ಅದೇ ಎಲುಬು, ಅದೇ ಪ್ರೋಟೀನು. ಒಂದು ದಿನ ನಲವತ್ತು ಟನ್ ಹೊರುತ್ತಾನೆ, ಇನ್ನೊಂದು ದಿನ ಹೀಗೆ ಹದಿಮೂರಕ್ಕೇ ಜಗ್ಗುತ್ತಾನೆ. ನಿಮ್ಮ ಪರೀಕ್ಷೆಗಳಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಏನು ಕೊರತೆ ಅಂತ ಗೊತ್ತಾಗ್ತಿಲ್ಲ.”

“ನಲವತ್ತು ಹೊತ್ತದ್ದು ಯಾವತ್ತರೀ ಮೇಡಂ?”

“ಒಮ್ಮೆ ಕರೆಂಟು ಹೋಗಿ ಕತ್ತಲಾದಾಗ. ಇನ್ನೊಮ್ಮೆ ಪ್ರೆಸ್ಸಿನ ಎಣ್ಣೆಕೊಳವೆ ಢಮ್ ಅಂತ ಒಡೆದಾಗ. ಕಾಕತಾಳೀಯ. ಅವನ ಏಕಾಗ್ರತೆಯಲ್ಲಿ ಮಾತ್ರ ತಪ್ಪೆಣಿಸುವ ಹಾಗಿಲ್ಲ. ನೋಡಿ, ಭಾರದ ಕೆಳಗೂ ಹೃದಯ ನಿಮಿಷಕ್ಕೆ ಅರವತ್ತೆರಡೇ ಸಲ ಬಡಿಯುತ್ತಿದೆ. ನಿಮ್ಮದು ನೂರೈವತ್ತು ಇರುತ್ತಿತ್ತು. ಅದು ಹಳೇ ಉಪಕರಣಗಳ ದೋಷ ಅಂತ ಬಿಟ್ಟಿದ್ದೇವೆ.”

ಮೌನೇಶನಿಗೆ ಗೊತ್ತಿತ್ತು. ಉಪಕರಣದ ದೋಷವಲ್ಲ ಅದು. ಬಿಳಿ ಕೋಟು ಕಂಡರೇ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಸೂಜಿ ಚುಚ್ಚುವಾಗ ಎರಡು ಸಲ ಮೂರ್ಛೆ ಹೋಗಿದ್ದ. ಕಂಬರಾಯರು ಸಮಾಧಿಸ್ಥಿತಿಯಲ್ಲಿದ್ದಾರೆ ಎಂದು ದಾದಿಯರು ಕಾಲುಬೆರಳ ಮೇಲೆ ನಡೆದಿದ್ದರು. ಅವನನ್ನು ಯಾರೂ ಅಂಜಿಕೆಯಿಲ್ಲದ ಹೊತ್ತಿನಲ್ಲಿ ಪರೀಕ್ಷಿಸಿಯೇ ಇರಲಿಲ್ಲ, ಅಂಥ ಹೊತ್ತು ಇದ್ದರಲ್ಲವೇ! ಹಾಗಾದರೆ ಅಗುಳಿ ಬೀಳುವುದು ಭಾರಕ್ಕಲ್ಲ. ಅಂಜಿಕೆಗೆ. ಜೀವ ಬಾಯಿಗೆ ಬಂದಾಗ ರಕ್ತಕ್ಕೆ ನುಗ್ಗುವ ಆ ರಸವೇ ಅಗುಳಿಯನ್ನು ನೂಕುತ್ತದೆ. ಇದು ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ, ಮೈಯಿಂದ ತಿಳಿದದ್ದು.

ಈ ಹುಡುಗನಿಗೋ ಅಂಜಿಕೆಯನ್ನು ಅಡಗಿಸುವುದನ್ನೇ ವಿದ್ಯೆ ಎಂದು ಕಲಿಸಿದ್ದಾರೆ. ಇಲ್ಲಿ ಪ್ರೆಸ್ಸು ತಾನಾಗಿ ನಿಲ್ಲುತ್ತದೆ. ಗಣಿಯ ಚಾವಣಿ ನಿಲ್ಲುತ್ತದೆಯೇ? ಅಗುಳಿ ಬೀಳದೆ ಅದರ ಕೆಳಗೆ ನಿಂತರೆ ಹುಡುಗ ಹಪ್ಪಳವಾಗುತ್ತಾನೆ.

ಹೇಳಬೇಕು. ಹೇಳಿದರೆ ಮೂವತ್ತು ವರ್ಷದ ಕಂಬರಾಯ ಒಂದೇ ಮಾತಿಗೆ ಪುಕ್ಕಲನಾಗುತ್ತಾನೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೌನೇಶ ನುಂಗಿದ.

“ಭಾನುವಾರ ಹುಡುಗನ್ನ ಊಟಕ್ಕ ಮನಿಗಿ ಕಳಸ್ರಿ,” ಎಂದಷ್ಟೇ ಹೇಳಿ ಬಂದ.

*

ಗವಿಸಿದ್ದ ಮೊದಲ ಸಲ ಮನೆಗೆ ಬಂದಾಗ ಅವನು ಮೌನೇಶನನ್ನು ಏನೆಂದು ಕರೆಯಬೇಕೆಂಬುದೇ ಹಂಪಮ್ಮನಿಗೆ ದೊಡ್ಡ ತೊಡಕಾಗಿತ್ತು. ಅಪ್ಪ ಎನ್ನೋಣವೆಂದರೆ ಹೆತ್ತದ್ದಲ್ಲ, ಅಣ್ಣ ಎನ್ನೋಣವೆಂದರೆ ತಲೆ ನರೆತಿದೆ. ಕೊನೆಗೆ “ದೊಡ್ಡಪ್ಪ ಅನ್ನು. ನನಗ ದೊಡ್ಡವ್ವ ಅನ್ನು. ಮುಗೀತು” ಎಂದು ತೀರ್ಪು ಕೊಟ್ಟಿದ್ದಳು. ತಾನು ಮದುವೆಯಾದ ದಿನದ ಗಂಡನ ಮುಖವನ್ನೇ ಹೊತ್ತ ಹುಡುಗನಿಗೆ ರೊಟ್ಟಿ ಬಡಿಸುವಾಗ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು, ಅಷ್ಟೇ. ಆಮೇಲೆ ಎರಡು ರೊಟ್ಟಿ ಹೆಚ್ಚೇ ಹಾಕುತ್ತಿದ್ದಳು. ಮಕ್ಕಳಿಲ್ಲದ ಮನೆ.

ಆ ಭಾನುವಾರ ಇಬ್ಬರೂ ತಾಟಿನ ಮುಂದೆ ಕುಳಿತಿದ್ದರು. ಪುಂಡಿಪಲ್ಲೆ, ಶೇಂಗಾಚಟ್ನಿ, ಮೊಸರು. ಒಲೆಯ ಮೇಲೆ ಬೇಳೆಯ ಕುಕ್ಕರ್ ಇದ್ದಕ್ಕಿದ್ದಂತೆ ಸೀಟಿ ಹೊಡೆಯಿತು.

ಇಬ್ಬರೂ ಒಟ್ಟಿಗೆ ಬೆಚ್ಚಿದರು. ಇಬ್ಬರ ಎಡಗೈಯೂ ಎಡಗಿವಿಗೆ ಹೋಯಿತು, ಇಬ್ಬರ ಬಾಯಿಂದಲೂ ಒಂದೇ ‘ಯವ್ವಾ’ ಅರ್ಧ ಹೊರಟಿತು. ಹಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಒಂದ ಅಚ್ಚಿನ ಬೆಲ್ಲ!”

ಮೌನೇಶನಿಗೆ ನಗು ಬರಲಿಲ್ಲ. ಹುಡುಗ ಕಣ್ಣು ಮುಚ್ಚಿದ, ಉಸಿರನ್ನು ಎಳೆದು ನಿಧಾನ ಬಿಟ್ಟ. ಮುಖದಿಂದ ಏನೋ ಇಳಿದುಹೋಯಿತು. ಕಣ್ಣು ತೆರೆದಾಗ ಅಲ್ಲಿ ಕುಳಿತಿದ್ದವನು ಮುಖಪುಟದ ಕಂಬರಾಯ. ಮೌನೇಶನಿಗೆ ತಿಳಿಯಿತು. ಅಂದರೆ ಅಂಜಿಕೆ ಅವನಲ್ಲಿ ಇದೆ. ತನ್ನಷ್ಟೇ ಇದೆ. ಅದನ್ನು ಹಿಡಿದು ಹಿಡಿದು ಒಳಗೇ ಕೊಲ್ಲುತ್ತಿದ್ದಾನೆ.

ಹಂಪಮ್ಮ ಒಳಗೆ ಹೋದಾಗ ಗವಿಸಿದ್ದ ತಾಟನ್ನೇ ನೋಡುತ್ತ ಪಿಸುಗುಟ್ಟಿದ. “ದೊಡ್ಡಪ್ಪ, ಒಂದು ಮಾತು ಕೇಳ್ತೀನಿ. ಮೇಡಂಗ ಹೇಳಬ್ಯಾಡ್ರಿ.”

“ಕೇಳು.”

“ನನ್ನೊಳಗ ಏನೋ ಕೆಟ್ಟೈತ್ರಿ. ನನಗ ಅಂಜಿಕಿ ಆಗತೈತಿ. ಪ್ರೆಸ್ಸು ಇಳಿಯೋ ಮುಂದ, ಲಿಫ್ಟಿನ್ಯಾಗ, ಕತ್ತಲದಾಗ. ನೀವು ಎಂದೂ ಅಂಜಿದವರಲ್ಲ. ನಿಮ್ಮ ರಕ್ತನ ನನ್ನದು. ಮತ್ತ ಇದು ಎಲ್ಲಿಂದ ಬಂತು? ನಕಲು ಕೆಟ್ಟು ಹುಟ್ಟೈತಿ ಅಂತ ಗೊತ್ತಾದ್ರ ನನ್ನ ಬಿಟ್ಟು ಇನ್ನೊಬ್ಬನ್ನ ಬೆಳಸ್ತಾರ. ಉಸಿರು ಕಟ್ಟಿ ಅದನ್ನ ತಡೀತೀನಿ. ದಿನಾ ತಡೀತೀನಿ. ನಿಮಗ ಒಮ್ಮೆರೆ ಹಿಂಗ ಆಗಿತ್ತೇನ್ರಿ?”

ಹುಡುಗನ ಕಣ್ಣಲ್ಲಿ ನೀರಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ದೇವರು ಒದಗಿಸುತ್ತಾನೆ? ‘ಹೂಂ’ ಎಂದಿದ್ದರೆ ಸಾಕಿತ್ತು. ಆದರೆ ಮೂವತ್ತು ವರ್ಷ ಒಂದೇ ಸುಳ್ಳನ್ನು ಉಟ್ಟುಕೊಂಡವನಿಗೆ ಅದನ್ನು ಬಿಚ್ಚಿ ನಿಲ್ಲಲು ನಾಚಿಕೆ. ಅದೂ ತನ್ನನ್ನೇ ದೇವರೆಂದುಕೊಂಡವನ ಮುಂದೆ.

“ಇಲ್ಲಪ್ಪ,” ಎಂದ ಮೌನೇಶ. “ನಾ ಎಂದೂ ಅಂಜಿಲ್ಲ. ನೀನೂ ಅಂಜಬ್ಯಾಡ. ರೂಢಿ ಮಾಡು, ಹೋಗತೈತಿ.”

ಹುಡುಗ ತಲೆಯಾಡಿಸಿ ಕಣ್ಣೊರೆಸಿಕೊಂಡ. ಮೌನೇಶ ಕೈಯಲ್ಲಿದ್ದ ತುತ್ತನ್ನು ಬಾಯಿಗಿಡಲಾರದೆ ಹಾಗೇ ಹಿಡಿದುಕೊಂಡ. ಏನು ಹೇಳಿಬಿಟ್ಟೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಹುಡುಗನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೊನ್ನಿಕೊಪ್ಪದ ಗಣಿ ಕುಸಿದಿತ್ತು. ಸುರಂಗದ ಕೊನೆಯಲ್ಲಿ ಹನ್ನೊಂದು ಜನ ಸಿಕ್ಕಿಬಿದ್ದಿದ್ದರು. ಗಾಡಿ ಹೊರಗೆ ಬಂದು ನಿಂತಾಗಿತ್ತು.

“ನಾನೂ ಬರ್ತೀನಿ,” ಎಂದು ಮೌನೇಶ ಎದ್ದ. ಕೈ ತೊಳೆಯುವುದನ್ನೂ ಮರೆತಿದ್ದ.

*

ಗಣಿಯ ಬಾಯಿಯ ಪಕ್ಕದ ಶೆಡ್ಡಿನಲ್ಲಿ ಸಂಸ್ಥೆಯವರು ಪರದೆ, ಮೈಕು ಎಲ್ಲ ಜೋಡಿಸಿ ಕುಳಿತರು. ಕೆಲಸ ಹೇಳುವುದಕ್ಕೆ ಸುಲಭ. ಸಿಕ್ಕಿಕೊಂಡವರಿಗೂ ಹೊರದಾರಿಗೂ ನಡುವೆ ಸುರಂಗದ ಚಾವಣಿ ಸೀಳಿ ಜೋತುಬಿದ್ದಿದೆ. ಯಂತ್ರ ಹೋಗದಷ್ಟು ಇಕ್ಕಟ್ಟು. ಒಬ್ಬ ಮನುಷ್ಯ ಅದನ್ನು ಹೊತ್ತು ನಿಂತರೆ ಉಳಿದವರು ಅವನ ಪಕ್ಕದಲ್ಲಿ ತೆವಳಿ ಬರಬಹುದು. ಆಮೇಲೆ ಹಿಂದಿನಿಂದ ಉಕ್ಕಿನ ಕಂಬ ನಿಲ್ಲಿಸಿ ಅವನನ್ನೂ ಬಿಡಿಸಿಕೊಳ್ಳಬಹುದು. ಮೌನೇಶ ಇದನ್ನು ಎಷ್ಟೋ ಸಲ ಮಾಡಿದ್ದ. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡೇ ಮಾಡಿದ್ದ.

ಪರದೆಯಲ್ಲಿ ಗವಿಸಿದ್ದ ಕಾಣಿಸಿದ. ಬಂಡೆಯ ಕೆಳಗೆ ನಿಂತು, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕೈ ಎತ್ತಿದ. ಬಂಡೆ ಅವನ ಕೈಗೆ ಕೂತಿತು.

“ಅರವತ್ತನಾಲ್ಕು!” ಎಂದರು ವಸುಮತಿ ಮೆಚ್ಚುಗೆಯಿಂದ. “ಮೊದಲ ಕೆಲಸ, ಆದರೂ ಎಷ್ಟು ಶಾಂತ ನೋಡಿ.”

ಮೌನೇಶ ಸಂಖ್ಯೆ ನೋಡಲಿಲ್ಲ, ಹುಡುಗನ ಮೊಣಕಾಲು ನೋಡಿದ. ಅಗುಳಿ ಬಿದ್ದ ಕಾಲು ಹೇಗಿರುತ್ತದೆಂದು ಅವನಿಗೆ ಗೊತ್ತು. ಇದು ಬಾಗುತ್ತಿತ್ತು. ಮೊದಲ ಗಣಿಗಾರ ತೆವಳಿ ಹೊರಬಂದ, ಎರಡನೆಯವನು ಬಂದ. ಬಂಡೆ ಒಂದು ಬೆರಳಿನಷ್ಟು ಇಳಿಯಿತು. ಸಣ್ಣ ಕಲ್ಲುಗಳು ಹುಡುಗನ ಹೆಲ್ಮೆಟ್ಟಿನ ಮೇಲೆ ಉದುರಿದವು. ಅವನು ಇನ್ನೂ ನಿಧಾನವಾಗಿ ಉಸಿರಾಡತೊಡಗಿದ. ಹೃದಯ ಅರವತ್ತಕ್ಕೆ ಇಳಿಯಿತು.

ಮೌನೇಶ ಮೈಕಿನ ಮೇಲೆ ಬಿದ್ದ. “ಗವಿ! ಅಂಜಿಕಿ ತಡೀಬ್ಯಾಡ! ಅಂಜು, ಮಗನ, ಅಂಜು! ಅಂಜಿದ್ರ ಮಾತ್ರ ಅದು ಬಿಗೀತೈತಿ! ನಾ ಸುಳ್ಳು ಹೇಳೀನಿ. ನಾ ಪ್ರತಿ ಸಲ ಅಂಜೀನಿ. ಕಣ್ಣು ಮುಚ್ಚಿದ್ದು ಅಂಜಿಕಿಗೆ. ಮಂತ್ರ ಅಲ್ಲ ಅದು, ನಮ್ಮವ್ವನ್ನ ಕರೀತಿದ್ದೆ!”

ಶೆಡ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಮೌನೇಶನ ಕಿವಿ ಕಾದವು, ಆದರೆ ನಾಚಿಕೆ ಪಡುವುದಕ್ಕೆ ಪುರುಸೊತ್ತಿರಲಿಲ್ಲ.

ಕೆಳಗಿನಿಂದ ಸ್ಪೀಕರಿನಲ್ಲಿ ತಣ್ಣನೆಯ ದನಿ ಬಂತು. “ಹಂಗ ಅನಬ್ಯಾಡ್ರಿ, ದೊಡ್ಡಪ್ಪ. ನನ್ನ ಸಮಾಧಾನಕ್ಕಂತ ನಿಮ್ಮನ್ನ ನೀವ ಸಣ್ಣವರು ಮಾಡಿಕೋಬ್ಯಾಡ್ರಿ. ನಾ ತಡ್ಕೊಂತೀನಿ.”

ಬಂಡೆ ಮತ್ತೊಂದು ಬೆರಳು ಇಳಿಯಿತು.

ಮೌನೇಶ ಲಿಫ್ಟಿನ ಕಡೆ ಓಡಿದ. ಯಾರೋ ತೋಳು ಹಿಡಿದರು. ಕಳಚಿದ ಭುಜದ ನೋವಿಗೆ ಕಿರುಚಿ ಕೊಸರಿಕೊಂಡ. ಕಂಬಿಯ ಬಾಗಿಲು ಮುಚ್ಚಿ ಲಿಫ್ಟು ಕತ್ತಲೆಗೆ ಇಳಿಯುವಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಹಿಂದೆ ಇಳಿಯುವಾಗೆಲ್ಲ ಜೊತೆಗೆ ಬಲವಾದರೂ ಇರುತ್ತಿತ್ತು. ಈಗ ಬರೀ ಅಂಜಿಕೆ. ಅಗುಳಿ ಸವೆದ ಮೈ, ಎತ್ತಲಾಗದ ಕೈ. ಬಂಡೆ ಬಿದ್ದರೆ ತಾನು ಎಲ್ಲರ ಹಾಗೆಯೇ ಸಾಯುತ್ತೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸುರಂಗದಲ್ಲಿ ಧೂಳು. ದೀಪದ ಬೆಳಕಿನಲ್ಲಿ ಹುಡುಗ ಅರ್ಧ ಕುಳಿತ ಸ್ಥಿತಿಗೆ ಬಂದಿದ್ದ. ಮುಖ ಮಾತ್ರ ಶಾಂತ. ಮೌನೇಶ ತೆವಳಿಕೊಂಡು ಬಂಡೆಯ ಕೆಳಗೆ ನುಗ್ಗಿ, ಅವನ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತ. ಮೇಲೆ ಕಲ್ಲು ಕಿರ್ರೆಂದಿತು.

ಅಷ್ಟೇ, ಅವನು ಏನನ್ನೂ ತಡೆಯಲಿಲ್ಲ. ಹುಡುಗನ ಅಂಗಿ ಹಿಡಿದು ಜೋತುಬಿದ್ದ. ಕಣ್ಣು ಬಿಗಿಯಾಗಿ ಮುಚ್ಚಿತು. ತುಟಿ ಅಲುಗಿತು. “ಯವ್ವಾ, ಯವ್ವಾ, ಸಾಯ್ತೀನಿ ಯವ್ವಾ.” ಪೈಜಾಮ ಒದ್ದೆಯಾಯಿತು.

ಗವಿಸಿದ್ದ ಕಣ್ಣು ತೆರೆದ. ಒಂದು ಗೇಣು ದೂರದಲ್ಲಿ ಆ ಮುಖಪುಟ ಇತ್ತು. ಅದೇ ಮುಚ್ಚಿದ ಕಣ್ಣು, ಅದೇ ಅರೆತೆರೆದ ತುಟಿ. ಆ ಚಿತ್ರವನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಅದರ ದನಿ ಕೇಳಿದ್ದು ಇದೇ ಮೊದಲು.

“ದೊಡ್ಡಪ್ಪ,” ಎಂದ ಅವನು. ದನಿ ಒಡೆದಿತ್ತು. “ದೊಡ್ಡಪ್ಪ, ಹೊರಗ ಹೋಗ್ರಿ. ಬೀಳತೈತ್ರಿ ಇದು. ನಿಮ್ಮ ಮ್ಯಾಲೆ ಬೀಳತೈತಿ.”

“ಹೋಗಾಂಗಿಲ್ಲ. ಕಾಲು ಬರವಲ್ವು. ನನಗ ಅಂಜಿಕಿ ಆಗೈತಿ.”

“ಯವ್ವಾ,” ಎಂದ ಗವಿಸಿದ್ದ. ಆಮೇಲೆ ಜೋರಾಗಿ, ಗಂಟಲು ಹರಿಯುವ ಹಾಗೆ, “ಯವ್ವಾ!”

ಅಂಗಿಯ ಒಳಗೆ ಹುಡುಗನ ಎದೆ ಗುದ್ದತೊಡಗಿದ್ದು ಮೌನೇಶನ ಕೈಗೆ ತಿಳಿಯಿತು. ಮರುಕ್ಷಣ ಅವನ ಪಕ್ಕೆ, ಭುಜ, ಕುತ್ತಿಗೆ ಒಂದೊಂದಾಗಿ ಬಿಗಿದು ಕಲ್ಲಾದವು. ಮೊಣಕಾಲು ನೇರವಾಯಿತು. ಬಂಡೆ ಮೇಲೆ ಸರಿಯಿತು. ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಅಳುತ್ತ ನಿಂತಿದ್ದ ಹಾಗೆ ಉಳಿದ ಒಂಬತ್ತು ಜನ ಅವರ ಕಾಲ ಪಕ್ಕದಲ್ಲಿ ತೆವಳಿ ಹೋದರು. ಉಕ್ಕಿನ ಕಂಬಗಳು ಬಂದವು. ಕಂಬ ನಿಂತ ಮೇಲೂ ಹುಡುಗನ ಕೈ ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು.

*

ಕೈಗೆ ಸಲೈನ್ ಹಾಕಿಸಿಕೊಂಡು ಮಲಗಿದ್ದ ಮೌನೇಶನ ಹತ್ತಿರ ಮಾರನೆಯ ದಿನ ವಸುಮತಿ ಬಂದರು. ಕೈಯಲ್ಲಿ ಸೇಬು. ಕಣ್ಣಲ್ಲಿ ಹೊಳಪು.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಮೌನೇಶಪ್ಪ? ಎಲ್ಲ ದಾಖಲಾಗಿದೆ. ನೀವು ಬಂಡೆಯ ಕೆಳಗೆ ಬಂದಕೂಡಲೇ ಅವನ ಹೃದಯ ನೂರೈವತ್ತೆಂಟು. ಅಗುಳಿ ಪೂರ್ತಿ. ನಮ್ಮ ಇಪ್ಪತ್ತು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು. ಇನ್ನು ಅವನನ್ನು ಹೆದರಿಸಿದರೆ ಸಾಕು.”

ಹೆದರಿಸಿದರೆ ಸಾಕು. ಮೌನೇಶನಿಗೆ ಗಣಿಯಲ್ಲಿ ಆಗದಷ್ಟು ಅಂಜಿಕೆ ಈಗ ಆಯಿತು. ಹುಡುಗನನ್ನು ಉಳಿಸಲು ಬಾಯಿ ಬಿಟ್ಟು, ಅವನ ಬೀಗದಕೈಯನ್ನು ಇವರ ಕೈಗೇ ಕೊಟ್ಟಿದ್ದ.

ಮೊದಲು ಅವರು ಭಯದ ರಸವನ್ನೇ ಸೂಜಿಯಲ್ಲಿ ಕೊಟ್ಟು ನೋಡಿದರು. ಎರಡನೇ ಸಲಕ್ಕೆ ಹುಡುಗನ ಹೃದಯ ತಪ್ಪಿ ತಪ್ಪಿ ಬಡಿದು, ಅವನು ನೆಲಕ್ಕೆ ಬಿದ್ದ. ಕೃತಕವಾದದ್ದು ಬೇಡ, ಸಹಜವಾದದ್ದೇ ಒಳ್ಳೆಯದು ಎಂದು ವಸುಮತಿ ನೊಂದುಕೊಂಡೇ ಹೇಳಿದರು. ಅಗುಳಿ ತುಕ್ಕು ಹಿಡಿಯದಿರಲು ದಿನಕ್ಕೊಮ್ಮೆಯಾದರೂ ಅದು ಬೀಳಬೇಕು. ಇಲ್ಲವಾದರೆ ಮುಂದಿನ ಗಣಿಯಲ್ಲಿ ಅವನ ಜೀವಕ್ಕೇ ಅಪಾಯ. ಪ್ರೆಸ್ಸು ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ತೆಗೆಸಿದರು, ಏಕೆಂದರೆ ಅದು ನಿಲ್ಲುತ್ತದೆಂದು ಹುಡುಗನಿಗೆ ಗೊತ್ತಿರುವವರೆಗೆ ಅವನು ನಿಜವಾಗಿ ಅಂಜುವುದಿಲ್ಲ.

“ನೀವು ಏನೂ ಮಾಡಬೇಕಾಗಿಲ್ಲ,” ಎಂದರು ಮೌನೇಶನಿಗೆ. “ಪ್ರೆಸ್ಸಿನ ಕೆಳಗೆ, ಅವನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸುತ್ತೇವೆ. ಸುಮ್ಮನೆ ಕುಳಿತರೆ ಆಯಿತು.”

ಹಂಪಮ್ಮ ಕೇಳಿ ಕೆಂಡವಾದಳು. “ನಿಮಗ ಬುದ್ಧಿ ಐತೇನು? ಮುದುಕ ಮನಿಷ್ಯಾ ಕಬ್ಬಿಣದ ಬುಡಕ ಕುಂದ್ರತಾನಂತ!”

“ನಾ ಕುಂದ್ರದಿದ್ರ ಸೂಜಿ ಚುಚ್ಚತಾರ. ಇಲ್ಲಾಂದ್ರ ಹಂಗ ಗಣಿಗೆ ಇಳಸ್ತಾರ. ಎರಡರಾಗೂ ಹುಡುಗ ಸಾಯ್ತಾನ.”

“ಅವನ್ನ ಕರಕೊಂಡು ಎಲ್ಲೆರೆ ಓಡಿಹೋಗು.”

“ಎಲ್ಲಿ? ಈ ಮಾರಿ ಯಾವ ಬಸ್‌ಸ್ಟ್ಯಾಂಡಿನ್ಯಾಗ ಗುರುತು ಸಿಗಾಂಗಿಲ್ಲ ಹೇಳು?”

ಅವಳು ಎದ್ದು ಒಲೆಯ ಮುಂದೆ ಕುಳಿತಳು. ಹೋಗುವಾಗ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಟ್ಟಳು, ಇಬ್ಬರಿಗೂ.

ಮೌನೇಶ ಹೋಗಿ ಕುಳಿತ. ಹಲಗೆ ಇಳಿಯಿತು. ಹುಡುಗ ಅವನನ್ನು ನೋಡಿ ಗಡಗಡ ನಡುಗಿದ, ಮೈ ಬಿಗಿಯಿತು, ನಲವತ್ತು ಟನ್ ನಿಂತಿತು. ಮರುದಿನವೂ ನಿಂತಿತು. ವಾರ ಕಳೆಯಿತು, ತಿಂಗಳು ಕಳೆಯಿತು. ದಿನವೂ ಮೌನೇಶ ತಲೆಯ ಮೇಲೆ ಗೇಣುದ್ದದಲ್ಲಿ ಉಕ್ಕನ್ನಿಟ್ಟುಕೊಂಡು, ಹುಡುಗನ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದ. ಅವನ ಅಂಜಿಕೆ ಒಂದು ಚೂರೂ ಕಡಿಮೆಯಾಗಲಿಲ್ಲ. ಆದರೆ ಹುಡುಗನ ನಡುಕ ಕಡಿಮೆಯಾಯಿತು. ಒಂದು ದಿನ ಮೂವತ್ತೆರಡು ಟನ್, ಇನ್ನೊಂದು ದಿನ ಇಪ್ಪತ್ತೆಂಟು. ದಿನಾ ಸಾಯುವವರಿಗೆ ಅಳುವವರಾರು?

ಆ ಶನಿವಾರ, ಹಲಗೆಯನ್ನು ಹೊತ್ತು ನಿಂತಿದ್ದ ಗವಿಸಿದ್ದ ಬಾಯಿ ತೆರೆದು ಆಕಳಿಸಿದ.

ಹಲಗೆ ಜರ್ರೆಂದು ಇಳಿದು ಮೌನೇಶನ ಕೂದಲು ಸವರಿತು. ಆಕಳಿಕೆ ಮುಗಿಯುವ ಮುನ್ನವೇ ಹುಡುಗನಿಗೆ ಏನಾಯಿತೆಂದು ತಿಳಿದು, ಮುಖ ಬಿಳಿಚಿ, ಮೈ ಕಲ್ಲಾಗಿ ಹಲಗೆ ಮತ್ತೆ ಮೇಲೇರಿತು. ಗಾಜಿನ ಆಚೆ ವಸುಮತಿ ಏನನ್ನೋ ಬರೆದುಕೊಂಡರು.

“ದೊಡ್ಡಪ್ಪ, ರೂಢಿ ಆಗಾಕತ್ತೈತ್ರಿ,” ಎಂದು ಹುಡುಗ ಹೊರಗೆ ಬಂದಮೇಲೆ ಮೌನೇಶನ ಭುಜಕ್ಕೆ ಹಣೆ ಒತ್ತಿ ಅತ್ತ. “ನಿಮ್ಮ ಮ್ಯಾಲೆ ಪ್ರೀತಿ ಕಡಿಮಿ ಆಗಿಲ್ರಿ. ಖರೇನ ಹೇಳ್ತೀನಿ. ಬರೇ ರೂಢಿ.”

“ಗೊತ್ತೈತಪ್ಪ,” ಎಂದ ಮೌನೇಶ. ಅವನ ದನಿ ನಡುಗುತ್ತಿತ್ತು. ಅದನ್ನು ಅವನು ಈಗ ಮುಚ್ಚಿಡುತ್ತಿರಲಿಲ್ಲ.

ಸೋಮವಾರ ಇಬ್ಬರೂ ಪರೀಕ್ಷಾಕೊಠಡಿಗೆ ಬಂದಾಗ ಪ್ರೆಸ್ಸಿನ ಕೆಳಗೆ ಎರಡು ಕುರ್ಚಿಗಳಿದ್ದವು. ಎರಡನೆಯದರ ಮೇಲೆ, ಕೂರುವವರಿಗೆ ನಡುನೋವೆಂದು ಯಾರೋ ವಿಚಾರಿಸಿ ತಿಳಿದು, ಮೆತ್ತನೆಯ ದಿಂಬು ಇಟ್ಟಿದ್ದರು. ಮೌನೇಶ ಮನೆ ಬಿಟ್ಟ ಮೇಲೆ ಸಂಸ್ಥೆಯ ಗಾಡಿಯಲ್ಲಿ ಬಂದಿದ್ದ ಹಂಪಮ್ಮ ದಿಂಬನ್ನು ಸರಿಮಾಡಿಕೊಂಡು ಕುಳಿತು, ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಮಡಿಲಲ್ಲಿ ರೊಟ್ಟಿಯ ಡಬ್ಬಿ.

“ಏನ್ ನೋಡತೀರಿ ಇಬ್ರೂ? ಗಾಡಿ ಕಳಿಸಿ ಕರದ್ರು, ಬಂದೆ,” ಎಂದಳು. “ಬಾ ಗವಿ, ಲಗೂನ ಮುಗಸು. ರೊಟ್ಟಿ ಆರತಾವ.”

ಪ್ರೆಸ್ಸು ಇನ್ನೂ ಚಾಲೂ ಆಗಿರಲಿಲ್ಲ. ಗವಿಸಿದ್ದ ಬಾಗಿಲಲ್ಲೇ ನಿಂತಿದ್ದ. ಮೌನೇಶ ಅವನ ಕೈ ಹಿಡಿಯಲು ಹೋದ. ಹುಡುಗನ ಬೆರಳು, ಮಣಿಕಟ್ಟು, ತೋಳು, ಕುತ್ತಿಗೆ ಎಲ್ಲ ಆಗಲೇ ಬಿಗಿದು ಕಲ್ಲಾಗಿದ್ದವು, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲೂ ಅವನಿಗೆ ಕೈ ಬಾಗಲಿಲ್ಲ.